ಈಶ್ವರಿ ಬಳ್ಳಿಯ ಎಲೆಯೆಲ್ಲ ಖಾಲಿ ಮಾಡುತ್ತಿರುವ ಈ ಹುಳ ಯಾವುದು? ಬಿಡೋದಾ, ತೆಗೆಯೋದಾ?

ಬಾವಿಕಟ್ಟೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸುಳ್ಯ ತಾಲೂಕಿನಲ್ಲಿ ಕಾಡಿಗೆ ತಾಗಿಕೊಂಡಿರುವ ಅಡಿಕೆ ತೋಟ. ಬಾವಿ ಪಕ್ಕದ ಬೇಲಿಗೆ ಅತ್ತೆ ಈಶ್ವರಿ ಬಳ್ಳಿ ಹಬ್ಬಿಸಿದ್ದಾರೆ. ಈಶ್ವರಬೇರು ಅಂತಲೂ ಹೇಳುತ್ತಾರಲ್ಲ, ಅದೇ. ಈಗ ಅದಕ್ಕೆ ಹುಳ ಬಿದ್ದಿದೆ. ದೊಡ್ಡವು ಬೆರಳುದ್ದ ಇವೆ, ಒಳ್ಳೆ ದಪ್ಪ. ಮೈ ಕಪ್ಪು ಅನ್ನಬೇಕೋ ಕಡುಗೆಂಪು ಅನ್ನಬೇಕೋ ಗೊತ್ತಾಗುತ್ತಿಲ್ಲ, ಮೈತುಂಬ ಮುಳ್ಳಿನಂಥದ್ದು ಎದ್ದಿದೆ. ಎಲೆ ಮುಗಿದ ಕಡೆ ಕಾಂಡವನ್ನೇ ಕೆರೆದು ತಿನ್ನುತ್ತಿವೆ. ಒಂದು ಕಡೆಯಂತೂ ಕಾಂಡ ಪೂರ್ತಿ ತುಂಡಾಗಿ ಮೇಲಿನ ಬಳ್ಳಿಯೆಲ್ಲ ಬಾಡಿ ನೇತಾಡುತ್ತಿದೆ.

ಅತ್ತೆಗೆ ಸಿಟ್ಟು ಬಂದಿದೆ. ಹೊಗೆಸೊಪ್ಪಿನ ನೀರು ಹೊಡಿ ಅಂತ ಅವರು, ಬೇಡಮ್ಮ ಚಿಟ್ಟೆ ಆಗುತ್ತದೆ ಅಂತ ಮಕ್ಕಳು, ನಡುವೆ ನಾನು. ಅತ್ತೆಗೆ ಆ ಬೇರು ಮದ್ದಿಗೆ ಬೇಕು, ಹಾಗಾಗಿ ಬಳ್ಳಿ ಸತ್ತರೆ ಮನೆಯಲ್ಲಿ ರಾಮಾಯಣ.

ಇದು ಯಾವ ಚಿಟ್ಟೆಯ ಹುಳ? ಮುಟ್ಟಿದರೆ ತುರಿಸುತ್ತದಾ? ಮುಖ್ಯವಾಗಿ, ಆರಡಿ ದೂರದಲ್ಲೇ ಕಾಳುಮೆಣಸಿನ ಬಳ್ಳಿ ಇದೆ, ಇಲ್ಲಿ ಎಲೆ ಮುಗಿದ ಮೇಲೆ ಅದಕ್ಕೆ ಹೋಗುತ್ತವಾ? ಮಕ್ಕಳು ಒಂದೆರಡನ್ನು ಡಬ್ಬಿಯಲ್ಲಿ ಸಾಕುತ್ತೇವೆ ಅಂತ ಕೂತಿದ್ದಾರೆ, ಅದು ಸರಿಯಾ?

ಘಟ್ಟದಮಳೆ:

ಮೇಡಂ, ಮೊದಲು ಹೊಗೆಸೊಪ್ಪಿನ ನೀರು ಪಕ್ಕಕ್ಕಿಡಿ.

ಈಶ್ವರಿ ಬಳ್ಳಿ ತಿನ್ನುವ ಹುಳ ನಮ್ಮ ಕಡೆ ಮೂರ್ನಾಲ್ಕು ಚಿಟ್ಟೆಗಳದ್ದು ಮಾತ್ರ. ಕಾಮನ್ ರೋಸ್, ಕ್ರಿಮ್ಸನ್ ರೋಸ್, ಮತ್ತೆ ಸದರ್ನ್ ಬರ್ಡ್‌ವಿಂಗ್. ಮಲಬಾರ್ ರೋಸ್ ಅಂತ ಇನ್ನೊಂದಿದೆ, ಅದು ಜಾಸ್ತಿ ಕಾಡೊಳಗೆ ಥೊಟ್ಟಿಯಾ ಅನ್ನುವ ಸಣ್ಣ ಗಿಡದ ಮೇಲೆ ಸಿಗುತ್ತದೆ. ಎಲ್ಲವೂ ಒಂದೇ ವಂಶದವು, ಹುಳಗಳೂ ಒಂದೇ ಥರ ಕಾಣುತ್ತವೆ. ಆದರೆ ಬೆರಳುದ್ದ, ದಪ್ಪ ಅಂತೀರಲ್ಲ, ನನಗೆ ಬರ್ಡ್‌ವಿಂಗ್ ಮೇಲೇ ಅನುಮಾನ.

ಒಂದು ಕೆಲಸ ಮಾಡಿ. ದೊಡ್ಡ ಹುಳದ ಪಕ್ಕೆ ನೋಡಿ, ನಡುವಿನ ಹತ್ತಿರ ತಿಳಿ ಬಣ್ಣದ ಪಟ್ಟೆ ಇದೆಯಾ? ಇದ್ದರೆ ನೇರ ಅಡ್ಡಕ್ಕಿದೆಯಾ, ಓರೆಯಾಗಿದೆಯಾ? ಬಿಳಿ ಪಟ್ಟೆ ಸೊಂಟ ಸುತ್ತಿದಂತೆ ಅಡ್ಡಕ್ಕಿದ್ದರೆ ಕಾಮನ್ ರೋಸ್. ಪಟ್ಟೆಯೇ ಇಲ್ಲದೆ ಕಿತ್ತಳೆ-ಕೆಂಪು ಮುಳ್ಳು ಮಾತ್ರ ಇದ್ದರೆ ಕ್ರಿಮ್ಸನ್ ರೋಸ್. ಪಕ್ಕೆಯಲ್ಲಿ ಓರೆಯಾಗಿ ಬಿಳಿ-ಗುಲಾಬಿ ಗೀರು ಇದ್ದರೆ ಬರ್ಡ್‌ವಿಂಗ್.

ತುರಿಕೆ ಬಗ್ಗೆ ಹೆದರಬೇಡಿ. ಆ ಮುಳ್ಳು ಮುಳ್ಳಲ್ಲ, ಮೆತ್ತನೆ ಮಾಂಸದ ಗುಬುಟುಗಳು. ನುಗ್ಗೆ ಮರದ ಕಂಬಳಿಹುಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಅಡಿಕೆಸಿಪ್ಪೆ:

ಬರ್ಡ್‌ವಿಂಗ್ ಆದರೆ ನಮ್ಮ ರಾಜ್ಯ ಚಿಟ್ಟೆ ಕಣ್ರೀ! 2017ರಲ್ಲಿ ಘೋಷಣೆ ಆಗಿದ್ದು. ಕಪ್ಪು ರೆಕ್ಕೆ, ಹಿಂದೆ ಬಂಗಾರದ ಹಳದಿ, ಕತ್ತಿನ ಹತ್ತಿರ ಕೆಂಪು. ನಮ್ಮ ಬಾವುಟದ ಎರಡೂ ಬಣ್ಣ ಮೈಮೇಲೆ ಹೊತ್ತುಕೊಂಡು ತಿರುಗುವ ಚಿಟ್ಟೆ ಅದು. ಭಾರತದಲ್ಲೇ ಅತಿ ದೊಡ್ಡದು ಬೇರೆ. ರಾಜ್ಯ ಚಿಟ್ಟೆಗೆ ಹೊಗೆಸೊಪ್ಪಿನ ನೀರು ಹೊಡೆದರೆ ಕನ್ನಡ ಸಂಘದವರು ನಿಮ್ಮ ತೋಟದ ಮುಂದೆ ಧರಣಿ ಕೂರುತ್ತಾರೆ ನೋಡಿ.

ಘಟ್ಟದಮಳೆ:

ಅತಿ ದೊಡ್ಡದು ಅನ್ನುವ ಪಟ್ಟ 2020ರಲ್ಲಿ ಹೋಯಿತು ಮಾರಾಯ್ರೆ. 1932ರಲ್ಲಿ ಚಿಟ್ಟೆ ತಜ್ಞ ಬ್ರಿಗೇಡಿಯರ್ ಇವಾನ್ಸ್ ಅಳೆದ ಸದರ್ನ್ ಬರ್ಡ್‌ವಿಂಗ್‌ನ ರೆಕ್ಕೆಯಗಲ 190 ಮಿ.ಮೀ. ಇತ್ತು. ಎಂಬತ್ತೆಂಟು ವರ್ಷ ಅದೇ ದಾಖಲೆ. ಆಮೇಲೆ ಉತ್ತರಾಖಂಡದ ದೀದೀಹಾಟ್‌ನಲ್ಲಿ ಗೋಲ್ಡನ್ ಬರ್ಡ್‌ವಿಂಗ್‌ನ ಒಂದು ಹೆಣ್ಣು 194 ಮಿ.ಮೀ. ಬಂತು.

ಅಡಿಕೆಸಿಪ್ಪೆ:

ಬರೀ ನಾಲ್ಕು ಮಿ.ಮೀ.ಗೆ ಕುರ್ಚಿ ಹೋಯಿತಾ! ಅದನ್ನೂ ಒಂದೇ ಒಂದು ಹೆಣ್ಣು ನೋಡಿ ಹೇಳಿದ್ದಲ್ವಾ? ಚಾರ್ಮಾಡಿಯಲ್ಲಿ ಸರಿಯಾಗಿ ಹುಡುಕಿದರೆ 195 ಸಿಕ್ಕೇ ಸಿಗುತ್ತದೆ. ನಾನು ಒಪ್ಪಲ್ಲ.

ಬಾವಿಕಟ್ಟೆ:

ಈಗ ಮಗಳನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ದೊಡ್ಡವಕ್ಕೆಲ್ಲ ಪಕ್ಕೆಯಲ್ಲಿ ಓರೆ ಗೀರು ಇದೆ, ತಿಳಿ ಗುಲಾಬಿ ಬಣ್ಣ. ಇನ್ನೊಂದು ವಿಷಯ, ಮಗಳು ಒಂದನ್ನು ಕಡ್ಡಿಯಿಂದ ಮುಟ್ಟಿದ ಕೂಡಲೇ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ಹೊರಗೆ ಬಂತು, ಜೊತೆಗೆ ಎಂಥದೋ ವಾಸನೆ. ಎರಡು ಕ್ಷಣ, ಆಮೇಲೆ ಒಳಗೆ ಎಳೆದುಕೊಂಡಿತು. ಇನ್ನೂ ಒಂದು, ಎಲೆಯ ಅಡಿಯಲ್ಲಿ ಕೆಂಪು-ಕಿತ್ತಳೆ ಬಣ್ಣದ ಸಣ್ಣ ಗುಂಡು ಸಿಕ್ಕಿತು, ಒಂದೇ ಒಂದು. ಅದು ಮೊಟ್ಟೆಯಾ?

ಬಿಸಿಲೆದಾರಿ:

ಹೌದು ಅಕ್ಕ, ಮೊಟ್ಟೆ. ಓರೆ ಗೀರು ಅಂದಮೇಲೆ ಸದರ್ನ್ ಬರ್ಡ್‌ವಿಂಗ್ ಅನ್ನುವುದರಲ್ಲಿ ಅನುಮಾನ ಬೇಡ. ವೈಜ್ಞಾನಿಕ ಹೆಸರು ಟ್ರಾಯ್ಡಿಸ್ ಮೈನೋಸ್. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅದರಲ್ಲೂ ಮುಖ್ಯವಾಗಿ ಪಶ್ಚಿಮ ಘಟ್ಟದ ಮಳೆಕಾಡು ಮತ್ತು ಅದರ ಅಂಚಿನ ತೋಟಗಳಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಿದ್ದಾಗ ಓದಿ.

ಹೆಣ್ಣು ಚಿಟ್ಟೆ ಮೊಟ್ಟೆ ಇಡುವುದನ್ನು ನೀವು ಒಮ್ಮೆ ನೋಡಬೇಕು. ಮಾಮೂಲಾಗಿ ಮರದ ತಲೆಯ ಮಟ್ಟದಲ್ಲಿ ಹಾರಾಡುವ ಚಿಟ್ಟೆ ಆಗ ಮಾತ್ರ ಕೆಳಗಿಳಿದು ಬೇಲಿ, ಪೊದೆ ಎಲ್ಲ ತಡಕುತ್ತದೆ. ಒಂದೊಂದು ಎಲೆಯ ಮೇಲೂ ಕೂತ ಹಾಗೆ ಮಾಡಿ ಮುಂಗಾಲಲ್ಲಿ ತಟ್ಟಿ ತಟ್ಟಿ ನೋಡುತ್ತದೆ. ರುಚಿ ಗೊತ್ತಾಗುವುದು ಕಾಲಲ್ಲಿ. ಇದು ಈಶ್ವರಿ ಅಂತ ಖಾತ್ರಿ ಆದ ಮೇಲೆ ಹೊಟ್ಟೆ ಬಗ್ಗಿಸಿ ಎಲೆಯ ಅಡಿಗೆ ಒಂದು ಮೊಟ್ಟೆ ಅಂಟಿಸಿ ಹೊರಡುತ್ತದೆ. ಒಂದೇ. ಗುಂಪಾಗಿ ಇಡುವುದಿಲ್ಲ. ಕೆಲವು ಸಲ ಬಳ್ಳಿಯ ಪಕ್ಕದ ಒಣಕಡ್ಡಿಗೂ ಇಟ್ಟು ಹೋಗುತ್ತದೆ, ಯಾಕೋ.

ಒಂದು ವಾರದ ಹತ್ತಿರ ಮೊಟ್ಟೆ ಒಡೆಯುತ್ತದೆ. ಹೊರಗೆ ಬಂದ ಮರಿಹುಳ ಮೊದಲು ತಿನ್ನುವುದು ತನ್ನದೇ ಮೊಟ್ಟೆಯ ಸಿಪ್ಪೆಯನ್ನು. ಆಮೇಲೆ ಎಳೆ ಚಿಗುರು. ಅಲ್ಲಿಂದ ಒಂದೇ ಕೆಲಸ, ತಿನ್ನುವುದು. ಚರ್ಮ ಬಿಗಿಯಾದಾಗ ಕಳಚಿ ಹೊಸದು ಹಾಕಿಕೊಳ್ಳುತ್ತದೆ. ಹುಳವಾಗಿ ಒಟ್ಟು ಐದು ಹಂತ. ಕೊನೆಯ ಹಂತದಲ್ಲೇ ನಿಮ್ಮ ಬಳ್ಳಿಗೆ ಆದಂತೆ ಆಗುವುದು, ಏಕೆಂದರೆ ತನ್ನ ಜೀವಮಾನದ ಊಟದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಅದು ಆಗ ತಿನ್ನುತ್ತದೆ. ಕಾಂಡ ಕಡಿಯುವುದು ಬರ್ಡ್‌ವಿಂಗ್ ಜಾತಿಯ ಹುಳಗಳಿಗೆಲ್ಲ ಇರುವ ಚಾಳಿ. ನೋಡಲು ಬೇಜಾರಾಗುತ್ತದೆ, ಆದರೆ ಈಶ್ವರಿ ಬಳ್ಳಿಯ ಬುಡ ಗಟ್ಟಿ. ಬೇರು ಇದ್ದರೆ ಮತ್ತೆ ಚಿಗುರುತ್ತದೆ. ಹುಳದ ಕಾಟಕ್ಕೆ ಈಶ್ವರಿ ಬಳ್ಳಿ ಬುಡಸಮೇತ ಸತ್ತದ್ದನ್ನು ನಾನಂತೂ ನೋಡಿಲ್ಲ, ಕತ್ತಿಗೆ ಸತ್ತದ್ದನ್ನು ಬೇಕಾದಷ್ಟು ನೋಡಿದ್ದೇನೆ. ಹುಳದ ಅವಧಿ ಒಟ್ಟು ಮೂರು-ನಾಲ್ಕು ವಾರ. ನಿಮ್ಮಲ್ಲಿ ಬೆರಳುದ್ದ ಆಗಿವೆ ಅಂದರೆ ದೊಡ್ಡವುಗಳ ಊಟ ಮುಗಿಯುತ್ತಾ ಬಂದಿದೆ.

ಕವಲುಕೊಂಬು ಅದರ ರಕ್ಷಣೆಗೆ. ಇರುವೆ, ಸಣ್ಣ ಕಣಜ, ಜೇಡ ಹತ್ತಿರ ಬಂದರೆ ಆ ವಾಸನೆಗೆ ಹಿಂದೆ ಸರಿಯುತ್ತವೆ. ಕರಿಬೇವಿನ ಗಿಡದಲ್ಲಿ ಸಿಗುವ ಹಸಿರು ಹುಳವೂ ಹೀಗೇ ಕೊಂಬು ಚಾಚುತ್ತದೆ, ಅದೂ ಇದೇ ಕುಟುಂಬದ್ದು.

ಕಾಳುಮೆಣಸಿಗೆ ಹೋಗುವುದಿಲ್ಲ. ಹಸಿವಿನಿಂದ ಸತ್ತರೂ ತಿನ್ನುವುದಿಲ್ಲ. ತಮಾಷೆ ಏನಂದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕಾಳುಮೆಣಸೂ ಈಶ್ವರಿಯೂ ಒಂದೇ ಗಣಕ್ಕೆ ಸೇರುತ್ತವೆ, ದೂರದ ನೆಂಟರು. ಆದರೆ ಹುಳಕ್ಕೆ ಬೇಕಾದ ವಿಷ ಮೆಣಸಿನಲ್ಲಿಲ್ಲ.

ವಿಷ ಅಂದೆನಲ್ಲ, ಅದೇ ಈ ಚಿಟ್ಟೆಯ ಗುಟ್ಟು. ಈಶ್ವರಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲ ಅಂತ ಇದೆ. ಹಸು ಆಡು ಯಾವುದೂ ಬಾಯಿ ಹಾಕುವುದಿಲ್ಲ. ಈ ಹುಳ ಮಾತ್ರ ಅದನ್ನು ತಿಂದು, ಜೀರ್ಣ ಮಾಡಿ ಕಳೆದುಕೊಳ್ಳದೆ ಮೈಯಲ್ಲೇ ಕೂಡಿಡುತ್ತದೆ. ಹುಳ ಚಿಟ್ಟೆಯಾಗುವ ಮುಂಚೆ ಆಗುವ ಕೋಶಕ್ಕೂ ಅದೇ ವಿಷ ಹೋಗುತ್ತದೆ, ಚಿಟ್ಟೆಗೂ ಹೋಗುತ್ತದೆ. ಹಕ್ಕಿ ಒಂದು ಸಲ ಬಾಯಿ ಹಾಕಿ ಉಗುಳಿದರೆ ಮತ್ತೆ ಕೆಂಪು-ಕಪ್ಪು-ಹಳದಿ ಕಂಡಾಗ ಹತ್ತಿರ ಬರುವುದಿಲ್ಲ. ಅದಕ್ಕೇ ಈ ಚಿಟ್ಟೆಗೆ ಅವಸರವೇ ಇಲ್ಲ, ಆರಾಮಾಗಿ ತೇಲಿಕೊಂಡು ಹೋಗುತ್ತದೆ. ಬೇರೆ ಚಿಟ್ಟೆಗಳು ಈ ಭಯದ ಲಾಭ ಪಡೆಯುತ್ತವೆ. ಕಾಮನ್ ಮಾರ್ಮನ್ ಅನ್ನುವ ಚಿಟ್ಟೆಯ ಕೆಲವು ಹೆಣ್ಣುಗಳು ಕಾಮನ್ ರೋಸ್ ಥರ, ಕೆಲವು ಕ್ರಿಮ್ಸನ್ ರೋಸ್ ಥರ ವೇಷ ಹಾಕಿಕೊಂಡಿರುತ್ತವೆ. ಅವು ಬೆಳೆಯುವುದು ನಿಂಬೆ, ಕರಿಬೇವು ತಿಂದು, ಮೈಯಲ್ಲಿ ಒಂದು ಚೂರೂ ವಿಷ ಇರುವುದಿಲ್ಲ. ಸುಮ್ನೆ ಬಣ್ಣ ತೋರಿಸಿ ಬದುಕುತ್ತವೆ.

ಕೋಶದ ಬಗ್ಗೆ ನಾಳೆ ಬರೆಯುತ್ತೇನೆ, ಕರೆಂಟ್ ಹೋಯಿತು.

ಮಾತ್ರೆಡಬ್ಬಿ:

ನಾನು ಚಿಟ್ಟೆ ಗೊತ್ತಿರುವವನಲ್ಲ, ಔಷಧ ಅಂಗಡಿಯವನು. ಅತ್ತೆಯವರ ಮದ್ದಿನ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ಬಾವಿಕಟ್ಟೆ ಮೇಡಂ, ಈಶ್ವರಬೇರನ್ನು ಕಷಾಯ ಮಾಡಿ ಹೊಟ್ಟೆಗೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ನಿಲ್ಲಿಸಲು ಹೇಳಿ.

ಬಿಸಿಲೆದಾರಿ ಹೇಳಿದ ಅದೇ ಆಮ್ಲ ಮನುಷ್ಯರ ಮೂತ್ರಪಿಂಡ ಹಾಳು ಮಾಡುತ್ತದೆ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಾತ್ರೆ ತೆಗೆದುಕೊಂಡ ಹೆಂಗಸರಿಗೆ ಒಬ್ಬರ ಹಿಂದೆ ಒಬ್ಬರಿಗೆ ಕಿಡ್ನಿ ಹೋಯಿತು. ಹುಡುಕಿದಾಗ ಗೊತ್ತಾದದ್ದು, ಮಾತ್ರೆಗೆ ಹಾಕಬೇಕಿದ್ದ ಚೀನಾದ ಒಂದು ಬೇರಿನ ಬದಲು ಈಶ್ವರಿಯ ಜಾತಿಯದ್ದೇ ಇನ್ನೊಂದು ಬೇರು ಸೇರಿಕೊಂಡಿತ್ತು. ನೂರಕ್ಕೂ ಹೆಚ್ಚು ಜನರಿಗೆ ತೊಂದರೆ ಆಯಿತು. ಕೆಲವರಿಗೆ ವರ್ಷಗಳು ಕಳೆದ ಮೇಲೆ ಮೂತ್ರನಾಳದಲ್ಲಿ ಕ್ಯಾನ್ಸರ್ ಕೂಡ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಆಮ್ಲವನ್ನು ಮೊದಲನೇ ಗುಂಪಿನಲ್ಲಿ ಇಟ್ಟಿದೆ. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲದ ಪಟ್ಟಿ. ತಂಬಾಕು ಇರುವುದೂ ಅದರಲ್ಲೇ.

ಇದರ ಕಷ್ಟ ಏನಂದರೆ ಕುಡಿದ ದಿನ ಏನೂ ಆಗುವುದಿಲ್ಲ. ನೋವಿಲ್ಲ, ವಾಂತಿಯಿಲ್ಲ. ಕಿಡ್ನಿ ನಿಧಾನಕ್ಕೆ ಒಣಗುತ್ತದೆ, ಆಗ ಯಾರೂ ಬೇರನ್ನು ನೆನಪು ಮಾಡಿಕೊಳ್ಳುವುದಿಲ್ಲ.

ಕಾಡಂಚು:

ಮಾತ್ರೆಡಬ್ಬಿ ಅವರೇ, ನಮ್ಮ ಅಜ್ಜ ಹಾವು ಕಚ್ಚಿದವರಿಗೆ ಇದೇ ಬೇರು ಅರೆದು ಕೊಡುತ್ತಿದ್ದರು. ಊರೆಲ್ಲ ಬರುತ್ತಿತ್ತು. ಗಡಿಯಾಚೆ ಕಾಸರಗೋಡಲ್ಲೂ ಕೊಡುತ್ತಾರೆ. ಎಷ್ಟೋ ಜನ ಬದುಕಿದ್ದಾರೆ. ಎಲ್ಲ ಹಳೇ ಮದ್ದೂ ವಿಷ ಅಂದರೆ ಹೇಗೆ?

ಮಾತ್ರೆಡಬ್ಬಿ:

ಅಣ್ಣ, ಅಜ್ಜನವರ ಮೇಲೆ ನನಗೆ ಗೌರವವೇ. ಆದರೆ ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷ ಇಲ್ಲದವು, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರೀ ಕಚ್ಚುತ್ತದೆ. ಅಂಥವರು ಬೇರು ಕುಡಿದರೂ ಬದುಕುತ್ತಾರೆ, ನೀರು ಕುಡಿದರೂ ಬದುಕುತ್ತಾರೆ. ನಾಗರಹಾವು, ಕೊಳಕುಮಂಡಲ ನಿಜವಾಗಿ ವಿಷ ಬಿಟ್ಟಿದ್ದರೆ ಕೆಲಸ ಮಾಡುವುದು ಆಸ್ಪತ್ರೆಯ ಪ್ರತಿವಿಷ ಮಾತ್ರ. ಬೇರು ಅರೆಯುವ ಅರ್ಧ ಗಂಟೆಯಲ್ಲಿ ತಾಲೂಕು ಆಸ್ಪತ್ರೆ ಮುಟ್ಟಬಹುದು. ಇಷ್ಟೇ ನನ್ನ ವಾದ.

ಮೇಡಂ, ಬಳ್ಳಿ ಮುಟ್ಟಿದರೆ, ಮಕ್ಕಳು ಎಲೆ ಕಿತ್ತರೆ ಏನೂ ಆಗುವುದಿಲ್ಲ. ಕೈ ತೊಳೆದರೆ ಸಾಕು. ಹೊಟ್ಟೆಗೆ ಹೋಗಬಾರದು, ಅಷ್ಟೇ.

ಬಾವಿಕಟ್ಟೆ:

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಅತ್ತೆ ಅಜೀರ್ಣಕ್ಕೆ, ಜ್ವರಕ್ಕೆ ಎಲ್ಲ ಕುದಿಸಿ ಕುಡಿಯುತ್ತಾರೆ, ಮಕ್ಕಳಿಗೆ ಕೊಟ್ಟಿಲ್ಲ ಪುಣ್ಯಕ್ಕೆ. ಮಾತ್ರೆಡಬ್ಬಿಯವರ ಉತ್ತರವನ್ನು ಅವರಿಗೇ ಓದಿ ಹೇಳಿದೆ. "ಹಕ್ಕಿ ಉಗುಳುವುದನ್ನು ನಾನು ಕುಡಿಯುತ್ತಿದ್ದೆನಾ" ಅಂದರು. ಬಾಯಿಯಲ್ಲಿ ನಕ್ಕರು, ಆದರೆ ಒಣಗಿಸಿಟ್ಟಿದ್ದ ಬೇರು ಇನ್ನೂ ಡಬ್ಬದಲ್ಲೇ ಇದೆ. ಮುಂದಿನ ವಾರ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ, ಸಕ್ಕರೆ ನೋಡಲು ಹೇಗೂ ಹೋಗಬೇಕು.

ಮಾತ್ರೆಡಬ್ಬಿ:

ಕಿಡ್ನಿ ನೋಡುವ ಕ್ರಿಯಾಟಿನಿನ್ ರಕ್ತ ಪರೀಕ್ಷೆಯ ಜೊತೆಗೆ ಮೂತ್ರ ಪರೀಕ್ಷೆಯನ್ನೂ ಬರೆಸಿಕೊಳ್ಳಿ. ಏನು ಕುಡಿಯುತ್ತಿದ್ದರು ಅನ್ನುವುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದಿಲ್ಲ.

ಬಿಸಿಲೆದಾರಿ:

ಕರೆಂಟ್ ಬಂತು. ಕೋಶದ ವಿಷಯ.

ಊಟ ಮುಗಿದ ಹುಳ ಬಳ್ಳಿ ಬಿಟ್ಟು ನಡೆಯಲು ಶುರು ಮಾಡುತ್ತದೆ. ನಿಮಗೆ ಹುಳ ಕಾಣೆಯಾಯಿತು ಅನ್ನಿಸುತ್ತದೆ, ಹಕ್ಕಿ ತಿಂದಿತು ಅಂದುಕೊಳ್ಳುತ್ತೀರಿ. ಅದು ಪಕ್ಕದ ಗಿಡಕ್ಕೋ ಬೇಲಿಯ ಗೂಟಕ್ಕೋ ಹೋಗಿರುತ್ತದೆ. ಒಂದು ಒಳ್ಳೆ ಕಡ್ಡಿ ಆರಿಸಿಕೊಂಡು, ಬಾಯಿಂದ ರೇಷ್ಮೆ ನೂಲು ಬಿಟ್ಟು ಹಿಂಭಾಗವನ್ನು ಕಡ್ಡಿಗೆ ಅಂಟಿಸುತ್ತದೆ. ಆಮೇಲೆ ಸೊಂಟದ ಸುತ್ತ ನೂಲಿನ ಒಂದು ಪಟ್ಟಿ ಹಾಕಿಕೊಂಡು, ತಲೆ ಮೇಲೆ ಮಾಡಿ ಸ್ವಲ್ಪ ಹಿಂದಕ್ಕೆ ವಾಲಿ ನಿಲ್ಲುತ್ತದೆ. ತೆಂಗಿನ ಮರ ಹತ್ತುವವರು ಹಗ್ಗಕ್ಕೆ ಮೈ ಕೊಟ್ಟು ವಾಲಿ ನಿಲ್ಲುತ್ತಾರಲ್ಲ, ಅದೇ ಭಂಗಿ. ಒಂದೆರಡು ದಿನ ಅಲ್ಲಾಡದೆ ಇದ್ದು ಕೊನೆಯ ಸಲ ಚರ್ಮ ಕಳಚಿದರೆ ಕೋಶ. ಬಣ್ಣ ಒಣ ಎಲೆಯ ಕಂದು, ಕೆಲವು ಸಲ ಹಸಿರು, ಬೆನ್ನ ಮೇಲೆ ಹಳದಿ ಛಾಯೆ. ಒಣಗಿದ ಎಲೆ ಸುರುಟಿಕೊಂಡಿದೆ ಅಂತ ನೀವೇ ದಾಟಿ ಹೋಗುತ್ತೀರಿ.

ಈಗ ಮಕ್ಕಳಿಗೆ ಒಂದು ಮಜಾ ಹೇಳಿ. ಕೋಶವನ್ನು ಮೆಲ್ಲಗೆ ಮುಟ್ಟಿದರೆ ಅದು ಬುಸ್ ಅಂತ ಸದ್ದು ಮಾಡುತ್ತದೆ. ನಿಜವಾಗಿ. ಒಳಗೆ ಬಾಯಿ ಇಲ್ಲ, ಹೊಟ್ಟೆಯ ಉಂಗುರಗಳನ್ನು ಒಂದಕ್ಕೊಂದು ಉಜ್ಜಿ ಮಾಡುವ ಸದ್ದು. ಒಮ್ಮೆ ಕೇಳಿದರೆ ಸಾಕು, ಪದೇ ಪದೇ ಮುಟ್ಟಬೇಡಿ.

ಮೂರು ವಾರದ ಆಸುಪಾಸಿನಲ್ಲಿ ಚಿಟ್ಟೆ ಬರುತ್ತದೆ, ಮಳೆ-ಚಳಿ ನೋಡಿಕೊಂಡು ಹೆಚ್ಚು ಕಡಿಮೆ. ಬರುವ ಹಿಂದಿನ ದಿನ ಕೋಶದ ಬಣ್ಣ ಕಪ್ಪಗಾಗಿ ಒಳಗಿನ ಹಳದಿ ಮಸುಕಾಗಿ ಕಾಣುತ್ತದೆ. ಹೊರಗೆ ಬರುವುದು ಹೆಚ್ಚಾಗಿ ಬೆಳಿಗ್ಗೆ. ಮೊದಲು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ, ಹೊಟ್ಟೆ ಉಬ್ಬಿಕೊಂಡು ರೆಕ್ಕೆ ಮುದುಡಿಕೊಂಡು ಇರುತ್ತದೆ. ಮೇಲಕ್ಕೆ ಹತ್ತಿ ನೇತಾಡಿ, ಹೊಟ್ಟೆಯ ರಸವನ್ನೆಲ್ಲ ರೆಕ್ಕೆಯ ನರಗಳಿಗೆ ಒತ್ತುತ್ತದೆ. ಕಣ್ಣೆದುರೇ ರೆಕ್ಕೆ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಆಮೇಲೆ ಒಣಗಲು ಗಂಟೆಗಟ್ಟಲೆ ಬೇಕು. ನಡುವೆ ಕೆಂಪಗಿನ ದ್ರವ ಬಿಡುತ್ತದೆ, ರಕ್ತ ಅಂತ ಗಾಬರಿ ಬೇಡ, ಅದು ಕೋಶದೊಳಗೆ ಕೂಡಿಟ್ಟ ಕಸ.

ಡಬ್ಬಿಯಲ್ಲಿ ಸಾಕುವ ಆಸೆ ಇದ್ದರೆ ಇದೇ ತೊಂದರೆ. ಡಬ್ಬಿ ಸಣ್ಣದಾದರೆ ರೆಕ್ಕೆ ಬಿಚ್ಚಲು ಜಾಗ ಸಾಲದೆ ಹಾಗೇ ಮುದುಡಿ ಗಟ್ಟಿಯಾಗುತ್ತದೆ, ಮತ್ತೆ ಯಾವತ್ತೂ ಹಾರುವುದಿಲ್ಲ. ಇದು ಒಂದು ಗೇಣು ರೆಕ್ಕೆಯ ಚಿಟ್ಟೆ. ಮತ್ತೆ ಎರಡು ಹುಳ ಒಟ್ಟಿಗೆ ಹಾಕಿ ಎಲೆ ಕಡಿಮೆಯಾದರೆ ದೊಡ್ಡದು ಸಣ್ಣದನ್ನೇ ತಿನ್ನುವುದೂ ಉಂಟು, ಮೊಟ್ಟೆಯನ್ನೂ ಬಿಡುವುದಿಲ್ಲ. ಮಕ್ಕಳು ಬೇಲಿಯ ಹತ್ತಿರವೇ ಹೋಗಿ ನೋಡಲಿ, ಅದಕ್ಕಿಂತ ಒಳ್ಳೆ ಡಬ್ಬಿ ಇಲ್ಲ.

ಟೆರೇಸ್‌ತೋಟ:

ನಾನು ಬೆಂಗಳೂರಿನ ಜಯನಗರದಿಂದ. ಇದನ್ನೆಲ್ಲ ಓದಿ ಆಸೆ ಆಯಿತು. ಮಹಡಿ ಮೇಲೆ ಕುಂಡದಲ್ಲಿ ಈಶ್ವರಿ ಹಾಕಿದರೆ ಈ ಚಿಟ್ಟೆ ಬರುತ್ತದಾ? ನರ್ಸರಿಯಲ್ಲಿ ಇದೇ ಜಾತಿ ಅಂತ ದೊಡ್ಡ ಹೂವಿನ ಬಳ್ಳಿ ತೋರಿಸಿದರು, ಹೂವು ಅಂಗೈ ಅಗಲ, ಮೇಲೆ ಕಂದು ಚಿತ್ತಾರ. ತಗೊಳ್ಳಲಾ?

ಬ್ರಿಸ್ಬೇನ್‌ಬಸವ:

ತಗೋಬೇಡಿ! ನಾನಿರುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಇಲ್ಲಿ ಅದೇ ಬಳ್ಳಿಯದ್ದೇ ದೊಡ್ಡ ಕಥೆ.

ಇಲ್ಲಿನ ಮಳೆಕಾಡಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಅಂತ ಇದೆ, ನಿಮ್ಮ ಚಿಟ್ಟೆಯ ಹತ್ತಿರದ ಸಂಬಂಧಿ, ಗಂಡು ಹಸಿರು-ಕಪ್ಪು. ಅದರ ಹುಳವೂ ಈಶ್ವರಿಯ ಕುಟುಂಬದ ಸ್ಥಳೀಯ ಬಳ್ಳಿಯನ್ನೇ ತಿಂದು ಬೆಳೆಯುತ್ತದೆ. ಕಾಡು ಕಡಿದಾಗ ಆ ಬಳ್ಳಿ ಹೋಯಿತು. ಅದು ಸಾಲದು ಅಂತ ಜನ ಮನೆ ಮುಂದೆ ಚೆಂದಕ್ಕೆ ದಕ್ಷಿಣ ಅಮೆರಿಕದ ಅರಿಸ್ಟೊಲೋಕಿಯಾ ಬಳ್ಳಿ ಹಬ್ಬಿಸಿದರು, ಬಹುಶಃ ನಿಮ್ಮ ನರ್ಸರಿಯವರು ತೋರಿಸಿದ್ದು ಅದೇ ಗುಂಪಿನದ್ದು. ಹೆಣ್ಣು ಚಿಟ್ಟೆ ಬಂದು ಕಾಲಲ್ಲಿ ತಟ್ಟಿ ನೋಡಿ, ಸರಿಯಾದ ಗಿಡ ಅಂದುಕೊಂಡು ಮೊಟ್ಟೆ ಇಡುತ್ತದೆ. ಮರಿಹುಳ ಮೊದಲ ತುತ್ತು ತಿಂದೇ ಸಾಯುತ್ತದೆ. ವಿಷ ಬೇಕು, ಆದರೆ ಆ ವಿಷ ಅಲ್ಲ. ಆಮೇಲೆ 1990ರ ದಶಕದಲ್ಲಿ ಶಾಲೆ ಮಕ್ಕಳನ್ನೆಲ್ಲ ಸೇರಿಸಿಕೊಂಡು ಸ್ಥಳೀಯ ಬಳ್ಳಿ ನೆಡುವ ಅಭಿಯಾನ ಮಾಡಿದರು, ಹೊರಗಿನ ಬಳ್ಳಿ ಕಿತ್ತು ಹಾಕಿದರು. ಈಗಲೂ ಜನ ಅಂಗಳದಲ್ಲಿ ಆ ಬಳ್ಳಿ ನೆಡುತ್ತಾರೆ.

ಅಂದಹಾಗೆ ಪ್ರಪಂಚದಲ್ಲೇ ದೊಡ್ಡ ಚಿಟ್ಟೆ, ಪಪುವಾ ನ್ಯೂಗಿನಿಯ ಕ್ವೀನ್ ಅಲೆಕ್ಸಾಂಡ್ರಾ ಬರ್ಡ್‌ವಿಂಗ್ ಕೂಡ ಇದೇ ವಂಶ. ಅದರ ಮೊದಲ ಮಾದರಿಯನ್ನು 1906ರಲ್ಲಿ ಕೋವಿಯಿಂದ ಹೊಡೆದು ಬೀಳಿಸಿದ್ದರು. ಬಲೆಗೆ ಎಟುಕದಷ್ಟು ಮೇಲೆ ಹಾರುತ್ತಿತ್ತು ಅಂತ. ಹೊಗೆಸೊಪ್ಪಿನ ನೀರೇ ವಾಸಿ ಅಲ್ವಾ!

ಘಟ್ಟದಮಳೆ:

ಟೆರೇಸ್‌ತೋಟ ಅವರೇ, ನೀವು ಹಾಕುವುದಾದರೆ ನಮ್ಮ ಈಶ್ವರಿಯನ್ನೇ ಹಾಕಿ. ಎಲೆ ಉದ್ದನೆಯದು, ಹೂವು ಬೆರಳ ತುದಿಯಷ್ಟೇ, ನೋಡಲು ಏನೂ ಇಲ್ಲ, ಅದಕ್ಕೇ ನರ್ಸರಿಯವರು ಇಡುವುದಿಲ್ಲ. ಬೆಂಗಳೂರಲ್ಲಿ ಮೊದಲು ಬರುವುದು ಕಾಮನ್ ರೋಸ್, ಕ್ರಿಮ್ಸನ್ ರೋಸ್. ಅವೂ ಚೆಂದವೇ. ಬರ್ಡ್‌ವಿಂಗ್‌ಗೆ ಮರದ ನೆರಳು, ತೇವ, ಹತ್ತಿರದಲ್ಲಿ ಕಾಡು ಬೇಕು, ಜಯನಗರದ ಮಹಡಿಗೆ ಅದನ್ನು ಕಾಯಬೇಡಿ.

ನೋಡಲೇಬೇಕು ಅಂದರೆ ಮಳೆ ಕಡಿಮೆಯಾಗುವ ಹೊತ್ತಿಗೆ ಘಟ್ಟದ ಕಡೆ ಬನ್ನಿ. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಕೇಪಳ, ಲಂಟಾನ ಹೂ ಇರುವ ಕಡೆ ನಿಲ್ಲಿ. ಹೂವಿನ ಮೇಲೆ ಕೂತರೂ ರೆಕ್ಕೆ ಬಡಿಯುವುದು ನಿಲ್ಲಿಸುವುದಿಲ್ಲ, ಫೋಟೊ ತೆಗೆಯುವವರು ಶಪಿಸುವುದು ಇದಕ್ಕೇ. ಮೂಡುಬಿದಿರೆ ಹತ್ತಿರ ಬೆಳುವಾಯಿಯಲ್ಲಿ ಒಂದು ಚಿಟ್ಟೆ ಪಾರ್ಕ್ ಇದೆ, ಅಲ್ಲಿ ಗೂಡು-ಬಲೆ ಇಲ್ಲ, ಗಿಡ ನೆಟ್ಟಿದ್ದಾರೆ, ಚಿಟ್ಟೆ ತಾನಾಗಿ ಬರುತ್ತದೆ. ಬನ್ನೇರುಘಟ್ಟದ್ದು ಬೇರೆ ಥರ, 2006ರಲ್ಲಿ ಶುರುವಾದದ್ದು, ಗುಮ್ಮಟದೊಳಗೆ. ನನಗೆ ಮೊದಲನೆಯದೇ ಇಷ್ಟ.

ಕಾಡಂಚು:

ಮದ್ದಿನ ವಿಷಯ ಬಿಡಿ, ಅದನ್ನು ಅಜ್ಜನ ಹತ್ತಿರ ಮೇಲೆ ಹೋದಾಗ ಕೇಳುತ್ತೇನೆ. ಬಳ್ಳಿಯ ಬಗ್ಗೆ ಒಂದು ಮಾತು. ನಮ್ಮ ಕಡೆ ಈಶ್ವರಿ ಕಡಿಮೆಯಾಗಿದ್ದು ಹುಳದಿಂದ ಅಲ್ಲ, ಕಳೆ ಕೊಚ್ಚುವ ಯಂತ್ರದಿಂದ. ಮೊದಲು ಕತ್ತಿಯಲ್ಲಿ ಸವರುವಾಗ ಆಳುಗಳು ಮದ್ದಿನ ಬಳ್ಳಿ ಅಂತ ಬಿಟ್ಟು ಸವರುತ್ತಿದ್ದರು. ಯಂತ್ರಕ್ಕೆ ಕಣ್ಣಿಲ್ಲ. ಬೇಲಿ ಬುಡ ನುಣ್ಣಗೆ ಮಾಡಿಟ್ಟು ಹೋಗುತ್ತಾರೆ, ನಾವೂ ತೋಟ ಚೊಕ್ಕ ಆಯಿತು ಅಂತ ಖುಷಿಪಡುತ್ತೇವೆ. ಕಳೆನಾಶಕ ಹೊಡೆಯುವವರದು ಇನ್ನೂ ಕಷ್ಟ, ಬೇರೇ ಸಾಯುತ್ತದೆ.

ಬಾವಿಕಟ್ಟೆಯವರೇ, ಬುಡಕ್ಕೆ ಒಂದು ಕಲ್ಲು ಅಥವಾ ಗೂಟ ನೆಟ್ಟು ಗುರುತು ಮಾಡಿ. ಇನ್ನೊಂದು, ತುಂಡಾದ ಬಳ್ಳಿ ಬಾಡಿದೆ ಅಂತ ಎಳೆದು ಬಿಸಾಡಬೇಡಿ, ಅದರಲ್ಲೇ ಮೊಟ್ಟೆ, ಸಣ್ಣ ಹುಳ ಇರುತ್ತವೆ. ಸಣ್ಣವು ಕಂಡರೆ ಎಲೆ ಸಮೇತ ಕಿತ್ತು ಚಿಗುರಿರುವ ಕಡೆ ಸಿಕ್ಕಿಸಿ.

ಬಾವಿಕಟ್ಟೆ:

ಅದನ್ನೇ ಕೇಳಬೇಕಿತ್ತು. ಮುಂದಿನ ವಾರ ಬೇಲಿ ಸವರಲು ಜನ ಹೇಳಿದ್ದೇವೆ. ದೊಡ್ಡ ಹುಳ ಎರಡು ಇವತ್ತು ಕಾಣುತ್ತಿಲ್ಲ, ಬಿಸಿಲೆದಾರಿ ಹೇಳಿದ ಹಾಗೆ ನಡೆಯಲು ಶುರು ಮಾಡಿರಬೇಕು. ಎಲ್ಲಿ ಹುಡುಕಲಿ? ಅಡಿಕೆಗೆ ಬೋರ್ಡೋ ಹೊಡೆಯುವುದೂ ಬಾಕಿ ಇದೆ.

ಬಿಸಿಲೆದಾರಿ:

ಬಾವಿಯ ಆ ಬದಿಯ ಬೇಲಿಯನ್ನು ಈ ಸಲ ಬಿಟ್ಟುಬಿಡಿ ಅಕ್ಕ, ಒಂದು ತಿಂಗಳು ತಡವಾದರೆ ಯಾರೂ ಬೈಯುವುದಿಲ್ಲ. ಹುಡುಕುವುದಾದರೆ ಬಳ್ಳಿಯಿಂದ ಸುತ್ತ ನಾಲ್ಕೈದು ಅಡಿಯೊಳಗೆ, ಮೊಣಕಾಲಿಂದ ತಲೆ ಎತ್ತರದವರೆಗೆ, ನೇರ ನಿಂತ ಕಡ್ಡಿಗಳನ್ನು ನೋಡಿ. ಗಟ್ಟಿ ಎಲೆಯ ಅಡಿಯನ್ನೂ ನೋಡಿ. ಸವರಲೇಬೇಕಾದ ಜಾಗದಲ್ಲಿ ಸಿಕ್ಕಿದರೆ ಕೋಶವನ್ನು ಕೀಳಬೇಡಿ, ಕಡ್ಡಿಯನ್ನೇ ಉದ್ದಕ್ಕೆ ಕತ್ತರಿಸಿ ಬೇರೆ ಗಿಡಕ್ಕೆ ನೂಲಲ್ಲಿ ಕಟ್ಟಿ. ತಲೆ ಮೇಲಿರಬೇಕು, ಮೇಲೆ-ಕೆಳಗೆ ರೆಕ್ಕೆ ಇಳಿಬೀಳಲು ಜಾಗ ಇರಬೇಕು, ಮಳೆ ನೀರು ನೇರ ಸುರಿಯಬಾರದು.

ಬೋರ್ಡೋ ಶಿಲೀಂಧ್ರದ ಮದ್ದು, ಕೊಳೆರೋಗಕ್ಕೆ ಹೊಡೆಯುವುದು. ಆದರೂ ಎಲೆ ಮೇಲೆ ಬಿದ್ದರೆ ಹುಳ ಅದನ್ನೇ ತಿನ್ನಬೇಕಾಗುತ್ತದೆ, ಗಾಳಿ ಆ ಕಡೆ ಬೀಸುವಾಗ ಹೊಡೆಸಬೇಡಿ. ಕೀಟನಾಶಕ ಮಾತ್ರ ಆ ಬದಿಗೆ ಸುಳಿಯಲೇಬಾರದು.

ಎಲ್ಲ ಕೋಶದಿಂದಲೂ ಚಿಟ್ಟೆ ಬರುತ್ತದೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಕೆಲವದರಿಂದ ನೊಣ ಬರುತ್ತದೆ, ಕೆಲವದರಿಂದ ಸಣ್ಣ ಕಣಜಗಳ ಹಿಂಡು. ಅವು ಹುಳ ಇದ್ದಾಗಲೇ ಅಥವಾ ಕೋಶ ಹಸಿಯಿದ್ದಾಗ ಬಂದು ಮೊಟ್ಟೆ ಇಟ್ಟಿರುತ್ತವೆ, ಆ ವಿಷಕ್ಕೆ ಅವು ಹೆದರುವುದಿಲ್ಲ. ಬಂದದ್ದು ಗಂಡಾದರೆ ಹಿಂದಿನ ರೆಕ್ಕೆ ಬಹುಪಾಲು ಬರೀ ಬಂಗಾರದ ಹಳದಿ, ಅಂಚು ಮಾತ್ರ ಕಪ್ಪು. ಹೆಣ್ಣಾದರೆ ಹಳದಿ ನಡುವೆ ಕಪ್ಪು ತ್ರಿಕೋನದ ಸಾಲು ಇರುತ್ತದೆ, ಗಾತ್ರವೂ ದೊಡ್ಡದು. ಫೋಟೊ ಹಾಕಿ.

ಬಾವಿಕಟ್ಟೆ:

ಒಂದು ಕೋಶ ಸಿಕ್ಕಿತು! ದಾಸವಾಳದ ಕಡ್ಡಿಯಲ್ಲಿ, ಬೇಲಿಯ ಒಳಬದಿಗೆ. ಮಗ ಮುಟ್ಟಿದ, ಬುಸ್ ಅಂದಿತು, ಅವನು ಎರಡು ಹೆಜ್ಜೆ ಹಿಂದೆ ಹಾರಿದ. ಅತ್ತೆಯೂ ಬಂದು ಮುಟ್ಟಿ ನೋಡಿದರು. ಸವರುವವರಿಗೆ ಬಾವಿ ಕಡೆ ಬರಬೇಡಿ ಅಂತ ಫೋನ್ ಮಾಡಿದ್ದೂ ಅವರೇ.

ಟೆರೇಸ್‌ತೋಟ:

ಅಕ್ಕ, ನಿಮ್ಮ ಬಳ್ಳಿಯಲ್ಲಿ ಕಾಯಿ ಆದರೆ ನನಗೆ ನಾಲ್ಕು ಬೀಜ ಕಳಿಸಿ. ರೋಸ್ ಚಿಟ್ಟೆ ಬಂದರೂ ಸಾಕು.

ಬಾವಿಕಟ್ಟೆ:

ಹೋದ ವರ್ಷದ ಒಣ ಕಾಯಿ ಇನ್ನೂ ನೇತಾಡುತ್ತಿವೆ, ಆದರೆ ಬಿರಿದು ಬೀಜ ಉದುರಿ ಹೋಗಿದೆ. ಈ ವರ್ಷ ಹುಳ ಏನಾದರೂ ಉಳಿಸಿದರೆ ಖಂಡಿತ ಕಳಿಸುತ್ತೇನೆ. ವಿಳಾಸ ಮೆಸೇಜ್ ಮಾಡಿ.